ಗಡ್ಡೆಯ ಪ್ರತಿ, ರಕ್ತದ ಪ್ರತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ಯಾನ್ಸರ್ ಮತ್ತು ಮಿದುಳಿನ ಕಾಯಿಲೆಗಳ ಜೀನ್ ಪರೀಕ್ಷೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಸಂಪಾದಕರು ಕೇಳಿದ್ದರು. ನಾನು ಎಣಿಸಿದ್ದಕ್ಕಿಂತ ಜಾಸ್ತಿ ಪತ್ರ ಬಂದಿವೆ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ. ಒಂದೇ ತರದವನ್ನು ಒಟ್ಟು ಸೇರಿಸಿದ್ದೇನೆ, ಹೆಸರು ತೆಗೆದು ಊರು ಮಾತ್ರ ಇಟ್ಟಿದ್ದೇನೆ. ನನ್ನ ಊರು ಬ್ರಹ್ಮಾವರದ ಹತ್ತಿರ, ಕೆಲಸ ದೇರಳಕಟ್ಟೆಯಲ್ಲಿ. ನಾನು ಡಾಕ್ಟರಲ್ಲ, ಹದಿನಾಲ್ಕು ವರ್ಷದಿಂದ ಬಯೋಇನ್ಫಾರ್ಮ್ಯಾಟಿಕ್ಸ್ ಮಾಡುತ್ತಿದ್ದೇನೆ, ಅಂದರೆ ಜೀನ್ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಓದುವ ಕೆಲಸ.

ನೀವು ಡಾಕ್ಟರಲ್ಲ, ರೋಗಿಯನ್ನು ನೋಡುವುದಿಲ್ಲ, ಟ್ಯೂಬು ಹಿಡಿಯುವುದೂ ಇಲ್ಲ ಅಂತೀರಿ. ಹಾಗಾದರೆ ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಕ್ಯಾನ್ಸರಿಗೆ ಎಂತ ಮಾಡುತ್ತೀರಿ? (ಬಂಟ್ವಾಳ)

ಹೋಲಿಸಿ ನೋಡುತ್ತೇನೆ. ಕೆಲಸ ಅಷ್ಟೇ, ಆದರೆ ಅದು ಮುಗಿಯುವುದಿಲ್ಲ.

ನನ್ನ ಅಜ್ಜ ಯಕ್ಷಗಾನ ಪ್ರಸಂಗಗಳನ್ನು ಕೈಯಲ್ಲೇ ಪ್ರತಿ ಮಾಡುತ್ತಿದ್ದರು. ಒಂದೇ ಪ್ರಸಂಗದ ಮೂರು ಪ್ರತಿ ಚಾಪೆಯ ಮೇಲೆ ಹರಡಿ, ಸಾಲು ಸಾಲು ಓದಿ, ಎಲ್ಲಿ ಅಕ್ಷರ ಬೇರೆಯಾಗಿದೆಯೋ ಅಲ್ಲಿ ಪೆನ್ಸಿಲಿನ ಗುರುತು ಹಾಕುತ್ತಿದ್ದರು. ಅದಕ್ಕೆ ಪಾಠಾಂತರ ಅಂತ ಹೆಸರು. ಕೆಲವು ಬರೆದವನ ಕೈತಪ್ಪು. ಕೆಲವು ತಪ್ಪೇ ಅಲ್ಲ, ಆ ಊರಿನಲ್ಲಿ ಹಾಗೆಯೇ ಹಾಡುವುದು. ಯಾವುದು ಯಾವುದು ಅಂತ ತೀರ್ಮಾನ ಮಾಡುವುದರಲ್ಲೇ ಅಜ್ಜನ ರಾತ್ರಿಗಳು ಹೋಗುತ್ತಿದ್ದವು. ನನ್ನವೂ ಹಾಗೆಯೇ ಹೋಗುತ್ತವೆ.

ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಗ್ರಂಥ ಉಂಟು. ಎ, ಸಿ, ಜಿ, ಟಿ ಅಂತ ನಾಲ್ಕೇ ಅಕ್ಷರ, ಆದರೆ ಉದ್ದ ಸುಮಾರು 300 ಕೋಟಿ ಅಕ್ಷರ. ಯಂತ್ರ ಅದನ್ನು ಒಂದೇ ಉಸಿರಿಗೆ ಓದುವುದಿಲ್ಲ. 150 ಅಕ್ಷರದ ಚೂರುಗಳಾಗಿ ಓದುತ್ತದೆ, ಒಂದೊಂದು ಜಾಗವನ್ನೂ ಸುಮಾರು 30 ಸಲ. ಒಬ್ಬರ ಪೂರ್ತಿ ಜೀನೋಮಿನ ಕಚ್ಚಾ ಫೈಲು ಹತ್ತಿರ ಹತ್ತಿರ 100 ಜಿಬಿ ಆಗುತ್ತದೆ. ಆ ಚೂರುಗಳನ್ನು ಜೋಡಿಸಿ, ರೋಗಿಯ ಗಡ್ಡೆಯಿಂದ ಬಂದ ಪ್ರತಿಯನ್ನೂ ಅದೇ ರೋಗಿಯ ರಕ್ತದ ಪ್ರತಿಯನ್ನೂ ಪಕ್ಕಪಕ್ಕ ಇಡಬೇಕು. ಬದಲಾವಣೆ ಎರಡರಲ್ಲೂ ಇದ್ದರೆ ಅದು ಹುಟ್ಟಿನಿಂದ ಬಂದದ್ದು. ಗಡ್ಡೆಯಲ್ಲಿ ಮಾತ್ರ ಇದ್ದರೆ ಆಮೇಲೆ ಆದದ್ದು. ಒಂದು ಗಡ್ಡೆಯಲ್ಲಿ ಇಂತಹ ಬದಲಾವಣೆ ಸಾವಿರಾರು ಸಿಗುತ್ತವೆ. ಅವುಗಳಲ್ಲಿ ಕ್ಯಾನ್ಸರ್ ಎಂಬ ಬಸ್ಸನ್ನು ನಿಜವಾಗಿ ಓಡಿಸುವವು ಬೆರಳೆಣಿಕೆಯಷ್ಟು, ಉಳಿದವು ಸುಮ್ನೆ ಬಸ್ಸಿನಲ್ಲಿ ಕುಳಿತ ಪ್ರಯಾಣಿಕರ ಹಾಗೆ. ಚಾಲಕ ಯಾರು ಅಂತ ಹುಡುಕಿಕೊಟ್ಟರೆ ಡಾಕ್ಟರಿಗೆ ಮದ್ದು ಆರಿಸಲು ದಾರಿ ಸಿಗುತ್ತದೆ. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು, ಅಂದರೆ ಡಿಎನ್‌ಎ ಗ್ರಂಥದ ಎರಡು ಸಂಪುಟಗಳು, ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ ಎಂದು ಜಾನೆಟ್ ರೌಲಿ 1973ರಲ್ಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಪ್ರೊಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಅದಕ್ಕೆ ಮುಂಚೆ ಆ ಕಾಯಿಲೆಯವರು ಕೆಲವೇ ವರ್ಷ ಬದುಕುತ್ತಿದ್ದರು. ಈಗ ದಿನಾ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಯಾವುದು ಗೊತ್ತುಂಟಾ? ಪ್ರತಿಗಳೇ ಅದಲುಬದಲಾಗುವುದು. ಒಮ್ಮೆ ಜುಲೈ ತಿಂಗಳಲ್ಲಿ, ಗಾಳಿಮಳೆಗೆ ಮೂರು ಸಲ ಕರೆಂಟು ಹೋಗಿ ಎರಡು ದಿನದ ಲೆಕ್ಕಾಚಾರ ಪೂರ್ತಿ ಮತ್ತೆ ಮೊದಲಿನಿಂದ ಓಡಿಸಬೇಕಾಗಿ ಬಂದ ವಾರದಲ್ಲಿ, ಒಂದು ಫೈಲು ನೋಡುತ್ತಿದ್ದೆ. ಚೀಟಿಯಲ್ಲಿ ಗಂಡಸು ಅಂತ ಇತ್ತು. ಫೈಲಿನಲ್ಲಿ ಗಂಡಸರಲ್ಲಿ ಇರುವ ವೈ ಕ್ರೋಮೋಸೋಮಿನ ಅಕ್ಷರ ಒಂದೂ ಇಲ್ಲ. ಬೇರೆ ಯಾರದೋ ರಕ್ತ ಈ ಗಡ್ಡೆಯ ಜೊತೆ ಬಂದಿತ್ತು. ಅವತ್ತಿನಿಂದ ಬೇರೇನೂ ನೋಡುವ ಮುಂಚೆ ಗಡ್ಡೆಯೂ ರಕ್ತವೂ ಒಬ್ಬರದ್ದೇ ಹೌದಾ ಅಂತ ತಾಳೆ ನೋಡುತ್ತೇನೆ. ಎಷ್ಟೇ ಗಡಿಬಿಡಿ ಇದ್ದರೂ ಅದನ್ನು ಬಿಡುವುದಿಲ್ಲ. ಆ ಫೈಲಿನ ಹಿಂದೆ ಯಾರದೋ ಅಪ್ಪ, ಯಾರದೋ ಅಕ್ಕ ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಾ ಇರುತ್ತಾರೆ.

ಅಮ್ಮನಿಗೆ 46ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಚೆನ್ನಾಗಿದ್ದಾರೆ. ನನಗೆ 34, ತಂಗಿಗೆ 29. ಹೆದರಿಕೆಯಿಂದ ನಾನೇ ಹೋಗಿ, ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್‌ಗಳ, ಅಂದರೆ ಬಿಆರ್‌ಸಿಎ ಪರೀಕ್ಷೆ ಮಾಡಿಸಿಕೊಂಡೆ. ರಿಪೋರ್ಟಿನಲ್ಲಿ ಬಿಆರ್‌ಸಿಎ2ರಲ್ಲಿ ‘ವಿಯುಎಸ್’ ಅಂತ ಉಂಟು. ಫೋನ್ ಮಾಡಿ ಕೇಳಿದರೆ ‘ಅದು ಪಾಸಿಟಿವ್ ಇದ್ದ ಹಾಗೆಯೇ’ ಅಂದರು. ಗಂಡನ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸ್ತನ ತೆಗೆಸಿಬಿಡಲಾ? (ಕುಂದಾಪುರ)

ಬೇಡ. ಈ ಒಂದು ರಿಪೋರ್ಟು ಹಿಡಿದುಕೊಂಡು ಆಪರೇಷನ್ ಮಾಡಿಸಬೇಡಿ. ಫೋನಿನಲ್ಲಿ ನಿಮಗೆ ಹೇಳಿದ್ದು ತಪ್ಪು. ವಿಯುಎಸ್ ಅಂದರೆ ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ‘ಇಲ್ಲಿ ಒಂದು ಅಕ್ಷರ ಬೇರೆ ಇದೆ, ಅದರಿಂದ ತೊಂದರೆ ಇದೆಯೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ’ ಅಂತ ಅರ್ಥ.

ಪ್ರಪಂಚದಲ್ಲೆಲ್ಲ ಈಗ 2015ರ ಒಂದು ನಿಯಮದ ಪ್ರಕಾರ ಇಂತಹ ಬದಲಾವಣೆಗಳನ್ನು ಐದು ಕಪಾಟಿನಲ್ಲಿ ಇಡುತ್ತಾರೆ. ಒಂದು ತುದಿಯಲ್ಲಿ ಖಂಡಿತ ಅಪಾಯಕಾರಿ, ಇನ್ನೊಂದು ತುದಿಯಲ್ಲಿ ಖಂಡಿತ ನಿರಪಾಯ. ಅವುಗಳ ಪಕ್ಕದಲ್ಲಿ ಬಹುಶಃ ಅಪಾಯ, ಬಹುಶಃ ನಿರಪಾಯ. ನಟ್ಟನಡುವಿನ ಕಪಾಟು ವಿಯುಎಸ್. ನಡುವಿನ ಕಪಾಟಿನಿಂದ ಆಮೇಲೆ ಬೇರೆ ಕಡೆಗೆ ಹೋದವುಗಳಲ್ಲಿ ಬಹುಪಾಲು ನಿರಪಾಯದ ಕಡೆಗೇ ಹೋಗಿವೆ. ಇದನ್ನು ದಯವಿಟ್ಟು ಎರಡು ಸಲ ಓದಿ.

ನಮ್ಮವರ ರಿಪೋರ್ಟಿನಲ್ಲಿ ಈ ವಿಯುಎಸ್ ಇಷ್ಟು ಜಾಸ್ತಿ ಯಾಕೆ ಬರುತ್ತದೆ ಅನ್ನುವುದನ್ನು ಹೇಳಲೇಬೇಕು, ಯಾಕೆಂದರೆ ನನಗೆ ಈ ಕೆಲಸದಲ್ಲಿ ತುಂಬಾ ಬೇಜಾರಾಗುವ ಸಂಗತಿ ಅದು. ನಾವು ಹೋಲಿಸಲು ಇಟ್ಟುಕೊಳ್ಳುವ ಮೂಲಪ್ರತಿ ಉಂಟಲ್ಲ, ಅದರಲ್ಲಿ ನೂರಕ್ಕೆ ಸುಮಾರು 70 ಪಾಲು ಅಮೆರಿಕದ ಬಫಲೋ ಎಂಬ ಊರಿನ ಹತ್ತಿರ ರಕ್ತ ಕೊಟ್ಟ ಒಬ್ಬನೇ ಮನುಷ್ಯನದ್ದು. ಆ ಪ್ರತಿಯ ಜೊತೆ ಇಟ್ಟು ನೋಡಿದರೆ ನಿಮ್ಮಲ್ಲಿ, ನನ್ನಲ್ಲಿ, ಯಾರಲ್ಲಾದರೂ 40ರಿಂದ 50 ಲಕ್ಷ ಜಾಗಗಳಲ್ಲಿ ಅಕ್ಷರ ಬೇರೆ ಇರುತ್ತದೆ. ಅವು ಮಾಮೂಲಿ ವ್ಯತ್ಯಾಸವಾ, ಕಾಯಿಲೆಯದ್ದಾ ಅಂತ ತಿಳಿಯಬೇಕಾದರೆ ಆರೋಗ್ಯವಾಗಿರುವ ಸಾವಿರಾರು ಜನರಲ್ಲಿ ಅದು ಉಂಟಾ ಅಂತ ನೋಡಬೇಕು. ಯುರೋಪಿನವರದ್ದು ಬೇಕಾದಷ್ಟು ಸಿಗುತ್ತದೆ. ನಮ್ಮದು ತುಂಬಾ ಕಡಿಮೆ.

ನೀವು ಕುಂದಾಪುರದವರು, ನಿಮಗೆ ಬೇಗ ಅರ್ಥವಾಗುತ್ತದೆ. ನೀವು ‘ಹೋಯ್ಕ್’ ಅಂತ ಬರೆದದ್ದನ್ನು ಕುಂದಾಪ್ರ ಕನ್ನಡ ಕೇಳಿಯೇ ಇಲ್ಲದ ಒಬ್ಬರು ಓದಿದರೆ ಅಕ್ಷರ ತಪ್ಪಾಗಿದೆ ಅಂತ ಕೆಂಪು ಗೆರೆ ಎಳೆಯಬಹುದು. ನಿಮ್ಮ ಊರಿನ ನೂರು ಜನರ ಮಾತು ಕೇಳಿದವರು ಎಳೆಯುವುದಿಲ್ಲ. ನಿಮ್ಮ ರಿಪೋರ್ಟಿನ ಆ ಒಂದು ಅಕ್ಷರ ಹಾಗೆಯೂ ಇರಬಹುದು.

ಈಗ ಮಾಡಬೇಕಾದ್ದು. ಪರೀಕ್ಷೆ ಮೊದಲು ಆಗಬೇಕಾದ್ದು ನಿಮಗಲ್ಲ, ಅಮ್ಮನಿಗೆ. ಕಾಯಿಲೆ ಬಂದವರಲ್ಲೇ ಕಾರಣ ಹುಡುಕಬೇಕು. ಅಮ್ಮನಲ್ಲಿ ಖಚಿತವಾದ ಅಪಾಯಕಾರಿ ಬದಲಾವಣೆ ಸಿಕ್ಕರೆ ಅದೇ ಒಂದು ಜಾಗವನ್ನು ನಿಮ್ಮಲ್ಲೂ ತಂಗಿಯಲ್ಲೂ ನೋಡಿದರೆ ಸಾಕು, ಇಬ್ಬರಿಗೂ ಅದು ಬಂದಿರುವ ಸಾಧ್ಯತೆ ತಲಾ ಅರ್ಧ. ಅಮ್ಮನಲ್ಲಿ ನಿಮ್ಮ ಈ ವಿಯುಎಸ್ ಇಲ್ಲದಿದ್ದರೆ ಅದು ಹೆಚ್ಚುಕಡಿಮೆ ಅಪ್ಪನ ಕಡೆಯಿಂದ ಬಂದದ್ದು, ಅಮ್ಮನ ಕ್ಯಾನ್ಸರಿಗೂ ಅದಕ್ಕೂ ಸಂಬಂಧ ಇಲ್ಲ. ಎರಡನೆಯದು, ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಮಾವಂದಿರು. ಅಪ್ಪನ ಕಡೆಯದ್ದನ್ನೂ ಬರೆಯಿರಿ, ಈ ಜೀನ್ ಗಂಡಸರ ಮೂಲಕವೂ ಬರುತ್ತದೆ. ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿನಲ್ಲಿ. ಆ ಹಾಳೆ ಹಿಡಿದುಕೊಂಡು ಮೆಡಿಕಲ್ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ, ಮಣಿಪಾಲ ನಿಮಗೆ ಹತ್ತಿರ. ಮ್ಯಾಮೊಗ್ರಾಮ್ ಯಾವಾಗ ಶುರು ಮಾಡಬೇಕು, ಎಂಆರ್‌ಐ ಬೇಕಾ ಅನ್ನುವುದನ್ನು ಕುಟುಂಬದ ಆ ಚಿತ್ರ ನೋಡಿ ಹೇಳುತ್ತಾರೆ. ಅಮ್ಮನಿಗೆ 46ಕ್ಕೇ ಬಂದದ್ದರಿಂದ ನೀವಿಬ್ಬರೂ ಬೇರೆಯವರಿಗಿಂತ ಬೇಗ ತಪಾಸಣೆ ಶುರು ಮಾಡಬೇಕಾಗಬಹುದು. ಅದು ವಿಯುಎಸ್‌ಗಾಗಿ ಅಲ್ಲ, ಅಮ್ಮನ ವಯಸ್ಸಿಗಾಗಿ.

ಬಿಆರ್‌ಸಿಎಯನ್ನು ಹಗುರವಾಗಿ ನೋಡಿ ಅಂತ ನಾನು ಹೇಳುತ್ತಿಲ್ಲ. ನಿಜವಾದ ಅಪಾಯಕಾರಿ ಬದಲಾವಣೆ ಇದ್ದರೆ ಲೆಕ್ಕ ಬೇರೆಯೇ. 2017ರ ಒಂದು ದೊಡ್ಡ ಅಧ್ಯಯನದಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1ರಲ್ಲಿ ಅದು ಇದ್ದವರಲ್ಲಿ ನೂರಕ್ಕೆ 72, ಬಿಆರ್‌ಸಿಎ2ರಲ್ಲಿ ಅದು ಇದ್ದವರಲ್ಲಿ 69 ಅಂತ ಬಂತು. ಅಂಡಾಶಯದ ಕ್ಯಾನ್ಸರಿಗೆ 44 ಮತ್ತು 17. ಅಂತಹವರು ಡಾಕ್ಟರ ಜೊತೆ ಕುಳಿತು ಆಪರೇಷನ್ ಬಗ್ಗೆ ಯೋಚಿಸುವುದು ಸರಿ. ನೀವು ಆ ಸಾಲಿನಲ್ಲಿ ಇದ್ದೀರಿ ಅಂತ ಯಾರೂ ಇನ್ನೂ ತೋರಿಸಿಲ್ಲ.

ನನ್ನ ದೊಡ್ಡಮ್ಮನ ಮಗಳಿಗೂ ಹೀಗೆಯೇ ಆಗಿತ್ತು. ಐದು ವರ್ಷ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ, ಮಗಳ ಮದುವೆ ಮಾತುಕತೆಯನ್ನು ಮುಂದೂಡಿದಳು. ಆಮೇಲೆ ಅದೇ ಅಕ್ಷರ ನಿರಪಾಯ ಅಂತ ತೀರ್ಮಾನವಾಯಿತು. ಅದನ್ನು ಅವಳಿಗೆ ಯಾರೂ ತಾವಾಗಿ ತಿಳಿಸಲಿಲ್ಲ, ನಾನು ಹುಡುಕಿ ನೋಡಿದ್ದಕ್ಕೆ ಗೊತ್ತಾಯಿತು. ಹಾಗಾಗಿ ವರ್ಷಕ್ಕೊಮ್ಮೆ ರಿಪೋರ್ಟು ಕೊಟ್ಟವರಿಗೆ ಫೋನ್ ಮಾಡಿ, ‘ಈಗ ಇದರ ವರ್ಗ ಏನು’ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಗಂಡನಿಗಾದರೂ ವಿಷಯ ಹೇಳಿ, ಒಬ್ಬರೇ ಹೊತ್ತುಕೊಳ್ಳಬೇಡಿ.

ನಾನು ಅಡಿಕೆ ಕೃಷಿಕ. ಅಡಿಕೆಯಿಂದ ಕ್ಯಾನ್ಸರ್ ಅಂತ ಆಗಾಗ ಪೇಪರಿನಲ್ಲಿ ಬರುತ್ತದೆ, ದರ ಬೀಳುತ್ತದೆ. ನನ್ನ ಅಜ್ಜ 88 ವರ್ಷದವರೆಗೆ ಎಲೆ ಅಡಿಕೆ ತಿಂದವರು, ಏನೂ ಆಗಲಿಲ್ಲ. ನಿಮ್ಮ ಜೀನ್ ವಿಜ್ಞಾನ ಎಂತ ಹೇಳುತ್ತದೆ? (ಪುತ್ತೂರು)

ನನ್ನ ಅಮ್ಮನ ಮನೆ ವಿಟ್ಲದ ಕಡೆ. ನನ್ನ ಕಾಲೇಜು ಫೀಸು ಅಡಿಕೆ ಮಾರಿದ ದುಡ್ಡಿನಿಂದ ಕಟ್ಟಿದ್ದು. ಆದ್ದರಿಂದ ಈ ಉತ್ತರ ಬರೆಯುವಾಗ ಕೈ ಭಾರವಾಗುತ್ತದೆ, ಆದರೂ ಸತ್ಯ ಹೇಳದೆ ಇರಲು ಆಗುವುದಿಲ್ಲ.

ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದೆ ತಿಂದರೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಬಾಯಿಯ ಒಳಚರ್ಮ ಗಟ್ಟಿಯಾಗಿ ಬಾಯಿ ಬಿಡಲಿಕ್ಕೇ ಆಗದ ಹಾಗೆ ಮಾಡುವ ಕಾಯಿಲೆಗೆ ಮುಖ್ಯ ಕಾರಣವೂ ಅಡಿಕೆಯೇ.

ಅಜ್ಜನ ಮಾತು ಸುಳ್ಳಲ್ಲ. ತಿಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಆದರೆ ಒಬ್ಬ ಅಜ್ಜನನ್ನು ನೋಡಿ ತೀರ್ಮಾನ ಮಾಡುವುದು ಒಂದೇ ಪ್ರತಿ ನೋಡಿ ಗ್ರಂಥ ಅಚ್ಚು ಹಾಕಿದ ಹಾಗೆ. ತಿಂದ ಸಾವಿರ ಜನ, ತಿನ್ನದ ಸಾವಿರ ಜನ, ಇಬ್ಬರನ್ನೂ ಪಕ್ಕಪಕ್ಕ ಇಡಬೇಕು. ಹಾಗೆ ಇಟ್ಟು ನೋಡಿದವರಿಗೆ ವ್ಯತ್ಯಾಸ ಮತ್ತೆ ಮತ್ತೆ ಕಂಡಿದೆ.

ಜೀನ್ ಬಗ್ಗೆ ಕೇಳಿದಿರಿ. ಬೇರೆ ಬೇರೆ ದೇಶಗಳು ಒಂದೊಂದು ಕ್ಯಾನ್ಸರನ್ನು ಹಂಚಿಕೊಂಡು ಓದುವ ಅಂತರರಾಷ್ಟ್ರೀಯ ಯೋಜನೆ ಬಂದಾಗ ಭಾರತ ಆರಿಸಿಕೊಂಡದ್ದು ಕೆನ್ನೆ ಮತ್ತು ಒಸಡಿನ ಕ್ಯಾನ್ಸರನ್ನು, ಅಂದರೆ ನಮ್ಮವರು ತಾಂಬೂಲ ಇಟ್ಟುಕೊಳ್ಳುವ ಜಾಗವನ್ನೇ. ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಟಿಪಿ53, ಕ್ಯಾಸ್ಪ್8, ನಾಚ್1 ಮುಂತಾಗಿ ಬೇರೆ ಕಡೆ ತಲೆ ಕತ್ತಿನ ಕ್ಯಾನ್ಸರುಗಳಲ್ಲಿ ಕಂಡ ಐದು ಜೀನ್‌ಗಳು ಇಲ್ಲೂ ಕೆಟ್ಟಿದ್ದವು. ಅದರ ಜೊತೆಗೆ ಈ ಬಗೆಯ ಕ್ಯಾನ್ಸರಿನಲ್ಲೇ ಎದ್ದು ಕಾಣುವ ಇನ್ನೂ ಐದು ಸಿಕ್ಕಿದವು. ನಮ್ಮ ಬಾಯಿಯ ಕ್ಯಾನ್ಸರನ್ನು ನಮ್ಮ ರೋಗಿಗಳಲ್ಲೇ ಓದಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನೀವು ತೋಟ ಕಡಿಯಿರಿ ಅಂತ ನಾನು ಹೇಳುವುದಿಲ್ಲ, ಹೇಳಲು ನನಗೆ ಯೋಗ್ಯತೆಯೂ ಇಲ್ಲ. ನಿಮ್ಮ ಮನೆಯಲ್ಲಿ ತಿನ್ನುವವರಿದ್ದರೆ ಅವರ ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹೋಗುವಷ್ಟು ಬಾಯಿ ಬಿಡಲು ಆಗದಿರುವುದು, ಇವು ಕಂಡರೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಕ್ಕಳ ಕೈಗೆ ಮಾತ್ರ ಸಿಹಿ ಅಡಿಕೆಯ ಪೊಟ್ಟಣವನ್ನೂ ಕೊಡಬೇಡಿ.

ನನ್ನ ತಮ್ಮನಿಗೆ 31 ವರ್ಷ. ಒಮ್ಮೆಲೇ ಫಿಟ್ಸ್ ಬಂತು, ಸ್ಕ್ಯಾನಿನಲ್ಲಿ ಮಿದುಳಿನ ಗಡ್ಡೆ ಅಂತ ಗೊತ್ತಾಯಿತು. ಆಪರೇಷನ್ ಆಗಿದೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಐಡಿಎಚ್ ಮ್ಯುಟೆಂಟ್’ ಅಂತ ಉಂಟು. ಮ್ಯುಟೆಂಟ್ ಅಂದರೆ ಜೀನ್ ಕೆಟ್ಟಿದೆ ಅಂತ ಅಲ್ವಾ? ಅಪ್ಪ ಅಮ್ಮನಿಗೆ ಏನು ಹೇಳಲಿ? (ಕಾರ್ಕಳ)

ಅಕ್ಕಾ, ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನನಗೆ ಖುಷಿ ಇದೆ. ಯಾಕೆಂದರೆ ಆ ಪದ ನೀವು ಎಣಿಸಿದಷ್ಟು ಕೆಟ್ಟದ್ದಲ್ಲ. ಈ ತರದ ಗಡ್ಡೆಗಳಲ್ಲಿ ಐಡಿಎಚ್ ಮ್ಯುಟೆಂಟ್ ಇರುವವರು ಅದು ಇಲ್ಲದವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಕೆಲವರ ವಿಷಯದಲ್ಲಿ ವರ್ಷಗಟ್ಟಲೆ ವ್ಯತ್ಯಾಸ.

ಇದು ಸಿಕ್ಕಿದ ಕಥೆ ನನ್ನ ಕೆಲಸದವರಿಗೆ ತುಂಬಾ ಪ್ರೀತಿಯದ್ದು. 2008ರಲ್ಲಿ ಅಮೆರಿಕದ ತಂಡವೊಂದು 22 ಮಿದುಳಿನ ಗಡ್ಡೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಓದಿ ನೋಡಿತು. ಐಡಿಎಚ್1 ಎಂಬ ಜೀನ್ ಬಗ್ಗೆ ಕ್ಯಾನ್ಸರಿನವರು ಯಾರೂ ತಲೆಕೆಡಿಸಿಕೊಂಡಿರಲಿಲ್ಲ, ಅದು ಜೀವಕೋಶದ ಅಡುಗೆಮನೆಯ ಕೆಲಸದ್ದು, ಆಹಾರದ ಅಂಶಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ವ್ಯವಹಾರಕ್ಕೆ ಸೇರಿದ್ದು. ಆದರೆ ಕೆಲವು ಗಡ್ಡೆಗಳಲ್ಲಿ ಅದರ ಒಂದೇ ಜಾಗದಲ್ಲಿ ಅಕ್ಷರ ಬದಲಾಗಿತ್ತು. ಹೆಚ್ಚಿನವರಲ್ಲಿ ಜಿ ಇರಬೇಕಾದಲ್ಲಿ ಎ. 300 ಕೋಟಿಯಲ್ಲಿ ಒಂದು ಅಕ್ಷರ ಮಾರಾಯ್ರೆ. ಆ ರೋಗಿಗಳೆಲ್ಲ ಹೆಚ್ಚಾಗಿ ಚಿಕ್ಕ ವಯಸ್ಸಿನವರು, ಹೆಚ್ಚು ಕಾಲ ಬದುಕಿದವರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿದುಳಿನ ಗಡ್ಡೆಗಳ ಪಟ್ಟಿಯನ್ನೇ ತಿದ್ದಿತು. ದೊಡ್ಡವರಲ್ಲಿ ಗ್ಲಯೊಬ್ಲಾಸ್ಟೋಮಾ ಎಂಬ, ತುಂಬಾ ಬೇಗ ಬೆಳೆಯುವ ಬಗೆಯ ಹೆಸರನ್ನು ಈಗ ಐಡಿಎಚ್ ಬದಲಾವಣೆ ಇಲ್ಲದ ಗಡ್ಡೆಗೆ ಮಾತ್ರ ಇಡುತ್ತಾರೆ.

ಫಿಟ್ಸ್ ಕೂಡ ಇದಕ್ಕೆ ಸೇರಿದ ಮಾತೇ. ಬದಲಾದ ಐಡಿಎಚ್ ಒಂದು ಹೊಸ ರಾಸಾಯನಿಕ ತಯಾರಿಸುತ್ತದೆ. ಅದರ ಆಕಾರ ಗ್ಲುಟಮೇಟ್‌ನದ್ದನ್ನು ಹೋಲುತ್ತದೆ. ಮಿದುಳಿನ ನರಕೋಶಗಳು ಒಂದನ್ನೊಂದು ಎಬ್ಬಿಸಲು ಬಳಸುವುದೇ ಗ್ಲುಟಮೇಟ್. ಹಾಗಾಗಿ ಸುತ್ತಲಿನ ನರಕೋಶಗಳು ಬೇಗ ಕೆರಳುತ್ತವೆ. ತಮ್ಮನ ಹಾಗೆ ಫಿಟ್ಸ್ ಬಂದೇ ಗಡ್ಡೆ ಗೊತ್ತಾಗುವವರು ಈ ಗುಂಪಿನಲ್ಲಿ ಜಾಸ್ತಿ. 2019ರಲ್ಲಿ ಇನ್ನೊಂದು ವಿಷಯ ಬೆಳಕಿಗೆ ಬಂತು, ಓದಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಗ್ಲಯೋಮಾ, ಅಂದರೆ ತಮ್ಮನದ್ದರ ಹಾಗಿನ ಮಿದುಳಿನ ಗಡ್ಡೆಗಳ ಜೀವಕೋಶಗಳು ನರಕೋಶಗಳ ಜೊತೆ ನಿಜವಾದ ಸಂಪರ್ಕ ಕಟ್ಟಿಕೊಂಡು, ಮಿದುಳಿನ ಸಂಕೇತಗಳನ್ನೇ ಬಳಸಿ ಬೆಳೆಯುತ್ತವೆ. ಕ್ಯಾನ್ಸರ್ ಮತ್ತು ನರವಿಜ್ಞಾನ ಎರಡನ್ನೂ ಯಾಕೆ ಒಟ್ಟಿಗೆ ಮಾಡುತ್ತೀರಿ ಅಂತ ಹಲವರು ಕೇಳಿದ್ದಾರೆ. ಉತ್ತರ ಇದೇ, ಕಾಯಿಲೆಯೇ ಎರಡನ್ನೂ ಒಟ್ಟು ಮಾಡಿಕೊಂಡಿದೆ.

ಡಾಕ್ಟರ ಹತ್ತಿರ ಎರಡು ವಿಷಯ ಕೇಳಿ. ಗಡ್ಡೆಯ ಗ್ರೇಡು ಎಷ್ಟು, ಮತ್ತು 1ಪಿ/19ಕ್ಯೂ ಪರೀಕ್ಷೆ ಏನು ಬಂತು. 1 ಮತ್ತು 19ನೇ ಕ್ರೋಮೋಸೋಮುಗಳ ಈ ಎರಡು ತುಂಡು ಒಟ್ಟಿಗೆ ಕಳೆದುಹೋಗಿದ್ದರೆ ಅದು ಆಲಿಗೊಡೆಂಡ್ರೊಗ್ಲಯೋಮಾ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಬಗೆ. ಗ್ರೇಡು 2 ಆಗಿದ್ದರೆ ಬದಲಾದ ಐಡಿಎಚ್ ಅನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿದೆ. ಪ್ರಯೋಗದಲ್ಲಿ ಗಡ್ಡೆ ಮತ್ತೆ ಬೆಳೆಯದೆ ಇದ್ದ ಅವಧಿ ಸುಮಾರು 11 ತಿಂಗಳಿಂದ 27 ತಿಂಗಳು ದಾಟಿತು. ತಮ್ಮನಿಗೆ ಅದು ಬೇಕಾ, ಸಿಗುತ್ತದಾ ಅಂತ ಆಂಕಾಲಜಿಸ್ಟ್ ಹೇಳಬೇಕು.

ಇದು ಪೂರ್ತಿ ಗುಣವಾಗುವ ಕಾಯಿಲೆ ಅಂತ ನಾನು ಹೇಳಲಾರೆ, ಹಾಗೆ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಸ್ಕ್ಯಾನು ತಪ್ಪಿಸಬಾರದು, ಫಿಟ್ಸಿನ ಮಾತ್ರೆ ತಪ್ಪಿಸಬಾರದು, ಡಾಕ್ಟರು ಹೇಳುವವರೆಗೆ ಬೈಕು ಓಡಿಸಬಾರದು. ಅಪ್ಪ ಅಮ್ಮನಿಗೆ ಇನ್ನೊಂದು ಹೇಳಿ. ಈ ಬದಲಾವಣೆ ಗಡ್ಡೆಯಲ್ಲಿ ಮಾತ್ರ ಆದದ್ದು, ಅವರಿಂದ ಬಂದದ್ದಲ್ಲ.

ಮೊಬೈಲಿನಿಂದ ಮಿದುಳಿನ ಗಡ್ಡೆ ಬರುತ್ತದಾ? (ಸುರತ್ಕಲ್)

ಬರುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ಇದನ್ನು ‘ಇರಬಹುದೇನೋ’ ಎಂಬ ಗುಂಪಿಗೆ ಹಾಕಿದ್ದರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಸಂಬಂಧ ಕಾಣಲಿಲ್ಲ. ಫೋನ್ ನೋಡುತ್ತಾ ಸ್ಕೂಟರ್ ಓಡಿಸುವುದು ಮಿದುಳಿಗೆ ಅದಕ್ಕಿಂತ ಅಪಾಯ.

ಮೊಮ್ಮಗಳಿಗೆ 4 ವರ್ಷ. ಏಳು ತಿಂಗಳಿರುವಾಗಿನಿಂದ ಫಿಟ್ಸ್. ಬೆನ್ನಿನಲ್ಲಿ ಎಲೆಯ ಆಕಾರದ ಬಿಳಿ ಮಚ್ಚೆಗಳಿವೆ. ಜೀನ್ ಪರೀಕ್ಷೆಯಲ್ಲಿ ಟಿಎಸ್‌ಸಿ2 ಅಂತ ಬಂತು. ಈಗ ಬರೆದ ಎವರೊಲಿಮಸ್ ಮಾತ್ರೆ ಕ್ಯಾನ್ಸರಿನದ್ದು ಅಂತ ಮೆಡಿಕಲ್ ಶಾಪಿನವರು ಹೇಳಿದರು. ಮಗುವಿಗೆ ಕ್ಯಾನ್ಸರಾ? ಇದು ಯಾರ ಕಡೆಯಿಂದ ಬಂದದ್ದು? (ಉಡುಪಿ)

ಅಮ್ಮಾ, ಕ್ಯಾನ್ಸರ್ ಅಲ್ಲ. ಇದು ಟಿಎಸ್‌ಸಿ, ಅಂದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಜೀನಿನ ಕಾಯಿಲೆ. ಜೀವಕೋಶ ಬೆಳೆಯುವ ವೇಗಕ್ಕೆ ಎಂಟಾರ್ ಎಂಬ ಒಂದು ಪ್ರೊಟೀನ್ ಉಂಟು, ಅದು ಆಕ್ಸಿಲೇಟರ್. ಟಿಎಸ್‌ಸಿ1, ಟಿಎಸ್‌ಸಿ2 ಎಂಬ ಜೀನ್‌ಗಳು ಅದರ ಬ್ರೇಕು. ಮಗುವಿನಲ್ಲಿ ಒಂದು ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಅದರಿಂದ ಮಿದುಳಿನಲ್ಲಿ ಅಲ್ಲಲ್ಲಿ ಗಂಟುಗಳು, ಅವುಗಳಿಂದ ಫಿಟ್ಸ್. ಕೆಲವು ಕ್ಯಾನ್ಸರುಗಳಲ್ಲೂ ಕೆಡುವುದು ಇದೇ ದಾರಿ, ಆದ್ದರಿಂದ ಒಂದೇ ಮದ್ದು ಎರಡು ಕಡೆ ಕೆಲಸಕ್ಕೆ ಬರುತ್ತದೆ. ಈ ಮದ್ದಿನ ಮೂಲ 1960ರ ದಶಕದಲ್ಲಿ ಈಸ್ಟರ್ ದ್ವೀಪದಿಂದ ತಂದ ಮಣ್ಣು, ಅದರಲ್ಲಿದ್ದ ಒಂದು ಸೂಕ್ಷ್ಮಜೀವಿ. ಎವರೊಲಿಮಸ್‌ಗೆ ಅಮೆರಿಕದಲ್ಲಿ 2009ರಲ್ಲಿ ಕಿಡ್ನಿ ಕ್ಯಾನ್ಸರಿಗೆ, 2018ರಲ್ಲಿ ಟಿಎಸ್‌ಸಿಯ ಫಿಟ್ಸಿಗೆ ಅನುಮತಿ ಸಿಕ್ಕಿತು. ಬಾಯಿಹುಣ್ಣು ಬರಬಹುದು, ಸೋಂಕು ಬೇಗ ತಗಲಬಹುದು. ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರಿಗೆ ಫೋನ್ ಮಾಡಿ. ಲಸಿಕೆ ಹಾಕಿಸುವ ಮುಂಚೆ ಈ ಮಾತ್ರೆಯ ಹೆಸರು ಹೇಳಿ.

ಯಾರ ಕಡೆಯಿಂದ ಅಂತ ಕೇಳಿದಿರಿ. ಈ ಕಾಯಿಲೆ ಇರುವವರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ಅದು ಯಾರ ಕಡೆಯಿಂದಲೂ ಬಂದಿರುವುದಿಲ್ಲ, ಆ ಮಗುವಿನಲ್ಲೇ ಹೊಸದಾಗಿ ಆದದ್ದು. ನಿಮ್ಮ ಮಗ ಸೊಸೆ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು, ಮುಂದಿನ ಮಗುವಿನ ಬಗ್ಗೆ ತಿಳಿಯಲಿಕ್ಕೆ. ಸೊಸೆಯನ್ನು ದೂರಲಿಕ್ಕೆ ಅಲ್ಲ. ಮನೆಯಲ್ಲಿ ಆ ಮಾತು ಎದ್ದಿದ್ದರೆ ನೀವೇ ಹಿರಿಯರಾಗಿ ನಿಲ್ಲಿಸಿ.

ಸಂಶೋಧನೆಗೆ ರಕ್ತ ಕೊಡಿ ಅಂತ ಕೇಳುತ್ತಾರೆ. ಕೊಟ್ಟರೆ ನಮಗೆ ಎಂತ ಲಾಭ? ಮಾಹಿತಿ ಯಾರ ಕೈಗೆ ಹೋಗುತ್ತದೆ? (ಮಂಗಳೂರು)

ನಿಮಗೆ ಕೂಡಲೇ ಲಾಭ ಇಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೇಲೆ ಕುಂದಾಪುರದ ಓದುಗರ ಪ್ರಶ್ನೆ ಓದಿದಿರಲ್ಲ, ಅಂತಹ ಇನ್ನೊಬ್ಬರಿಗೆ ಲಾಭ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್ ಓದಿವೆ. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದಿಟ್ಟರು, ಇಟ್ಟಿರುವುದು ಫರೀದಾಬಾದಿನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ. ದೊಡ್ಡ ಕೆಲಸ. ಆದರೆ 140 ಕೋಟಿ ಜನಕ್ಕೆ 10,000 ಸಾಕಾಗುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವವರು, ಕೊರಗರು, ಇಷ್ಟೊಂದು ಸಮುದಾಯಗಳು ನಮ್ಮ ಎರಡೇ ಜಿಲ್ಲೆಯಲ್ಲಿವೆ, ತಲೆತಲಾಂತರದಿಂದ ಹೆಚ್ಚಾಗಿ ತಮ್ಮೊಳಗೇ ಮದುವೆಯಾದವರು. ಒಂದೊಂದರಲ್ಲೂ ಬೇರೆಡೆ ಕಾಣದ ಪಾಠಾಂತರಗಳು ಇರುತ್ತವೆ.

ಕೊಡುವ ಮುಂಚೆ ಒಪ್ಪಿಗೆ ಪತ್ರವನ್ನು ನಿಮಗೆ ಗೊತ್ತಿರುವ ಭಾಷೆಯಲ್ಲಿ ಕೇಳಿ. ಹೆಸರಿನ ಬದಲು ಸಂಖ್ಯೆ ಹಾಕುತ್ತಾರಾ, ಮಾಹಿತಿಯನ್ನು ಯಾರು ನೋಡಬಹುದು, ಬೇಡ ಅನಿಸಿದರೆ ವಾಪಸು ಪಡೆಯಬಹುದಾ, ಅಪಾಯಕಾರಿ ಬದಲಾವಣೆ ಸಿಕ್ಕರೆ ನಿಮಗೆ ಹೇಳುತ್ತಾರಾ. ಇದಕ್ಕೆಲ್ಲ ಸರಿಯಾಗಿ ಉತ್ತರ ಕೊಡದಿದ್ದರೆ ಸಹಿ ಹಾಕಬೇಡಿ. ಹೆಸರು ತೆಗೆದರೂ ಡಿಎನ್‌ಎ ನಿಮ್ಮದೇ ಗುರುತು, ನಿಮ್ಮ ಅಣ್ಣತಮ್ಮಂದಿರ ಗುರುತೂ ಅದರಲ್ಲಿ ಇರುತ್ತದೆ.

ಬಿಎಸ್ಸಿ ಎರಡನೇ ವರ್ಷ, ಜೀವಶಾಸ್ತ್ರ. ಬಯೋಇನ್ಫಾರ್ಮ್ಯಾಟಿಕ್ಸ್ ಕಲಿಯಬೇಕು ಅಂತ ಆಸೆ. ಮನೆಯಲ್ಲಿ ದುಡ್ಡಿಲ್ಲ, ಒಂದು ಹಳೆಯ ಲ್ಯಾಪ್‌ಟಾಪ್ ಉಂಟು. (ಬ್ರಹ್ಮಾವರ)

ನನ್ನ ಊರಿನವರೇ! ಆ ಲ್ಯಾಪ್‌ಟಾಪ್ ಶುರು ಮಾಡಲು ಸಾಕು. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ, ಉಚಿತ. ಆರ್ ಅಥವಾ ಪೈಥಾನ್, ಈ ಕಂಪ್ಯೂಟರ್ ಭಾಷೆಗಳಲ್ಲಿ ಯಾವುದಾದರೂ ಒಂದನ್ನು ಗಟ್ಟಿಯಾಗಿ ಕಲಿಯಿರಿ, ಅವೂ ಉಚಿತ. ಸಂಖ್ಯಾಶಾಸ್ತ್ರವನ್ನು ತಪ್ಪಿಸಿಕೊಳ್ಳಬೇಡಿ, ಕೊನೆಗೆ ಕೈ ಹಿಡಿಯುವುದು ಅದೇ. ಅಮೆರಿಕದ ಟಿಸಿಜಿಎ ಯೋಜನೆ 2006ರಲ್ಲಿ ಶುರುವಾಗಿ 33 ಬಗೆಯ ಕ್ಯಾನ್ಸರಿನ 11,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಸೇರಿಸಿತು. ಅದರಲ್ಲಿ ತುಂಬಾ ಭಾಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬ್ರಹ್ಮಾವರದ ನಿಮ್ಮ ಕೋಣೆಯಲ್ಲೇ ಕುಳಿತು, ಐಡಿಎಚ್ ಬದಲಾದವರು ಮತ್ತು ಬದಲಾಗದವರು ಎಷ್ಟು ಕಾಲ ಬದುಕಿದರು ಎಂಬ ಗೆರೆಯನ್ನು ನೀವೇ ಎಳೆದು ನೋಡಬಹುದು. ಮೊದಲ ಅಭ್ಯಾಸಕ್ಕೆ ಅದನ್ನೇ ಮಾಡಿ.

ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಸೆಪ್ಟ್2, ಮಾರ್ಚ್1 ಎಂಬ ಜೀನ್‌ಗಳ ಹೆಸರನ್ನು ಅದು ತಾರೀಕು ಅಂತ ತಿಳಿದು ಬದಲಿಸಿಬಿಡುತ್ತಿತ್ತು. ಎಷ್ಟೋ ಸಂಶೋಧನಾ ಲೇಖನಗಳಲ್ಲಿ ಆ ತಪ್ಪು ಹಾಗೆಯೇ ಉಳಿಯಿತು, ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು. ಎಂಎಸ್ಸಿಗೆ ಬಂದಾಗ ಮಣಿಪಾಲ, ದೇರಳಕಟ್ಟೆ, ಕೊಣಾಜೆ, ಮೂರೂ ಕಡೆ ವಿಚಾರಿಸಿ. ಫೀಸಿನಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ.

ಲಿನಕ್ಸ್ ಹಾಕಿಕೊಡಲು ಯಾರೂ ಸಿಗದಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಶನಿವಾರ ಮಧ್ಯಾಹ್ನ ನಾನು ಊರಿಗೆ ಬರುತ್ತೇನೆ, ಕುಳಿತು ಹಾಕಿಕೊಡುತ್ತೇನೆ.